ಮೂರು ಪರ್ಸೆಂಟ್ ಹುಡುಗನ ವಿಷಯ: ಶಿಕ್ಷಣ ಸಚಿವರಿಗೊಂದು ಬಹಿರಂಗ ಪತ್ರ

ಮಾನ್ಯ ಪ್ರಾಥಮಿಕ ಮತ್ತು ಪ್ರೌಢ ಶಿಕ್ಷಣ ಸಚಿವರಿಗೆ, ನಮಸ್ಕಾರ.

ನಾನು ರಿಟೈರಾದ ಡ್ರಾಯಿಂಗ್ ಮೇಷ್ಟ್ರು. ಹಾಸನ ಮತ್ತು ತುಮಕೂರು ಜಿಲ್ಲೆಗಳ ನಾಲ್ಕು ಸರ್ಕಾರಿ ಹೈಸ್ಕೂಲುಗಳಲ್ಲಿ 29 ವರ್ಷ ಕೆಲಸ ಮಾಡಿದ್ದೇನೆ. ಕಡತದಲ್ಲಿ ನಮ್ಮನ್ನು ಚಿತ್ರಕಲಾ ಶಿಕ್ಷಕರು ಅಂತ ಬರೆಯುತ್ತಾರೆ. ಸ್ಟಾಫ್ ರೂಮಿನಲ್ಲಿ ಮಾತ್ರ ನಾವು ‘ಬಿಡುವಾಗಿರೋರು’. ಯಾವ ಮೇಷ್ಟ್ರು ರಜೆ ಹಾಕಿದರೂ ಆ ಕ್ಲಾಸಿಗೆ ನಾವೇ. ಎಲೆಕ್ಷನ್ ಡ್ಯೂಟಿ, ಗೋಡೆ ಬರಹ, ಆಗಸ್ಟ್ ಹದಿನೈದರ ರಂಗೋಲಿ, ಬೀಳ್ಕೊಡುಗೆ ಬ್ಯಾನರ್, ಎಲ್ಲ ನಮ್ಮ ಪಾಲಿಗೆ. ಅದನ್ನು ದೂರೋದಕ್ಕೆ ಈ ಪತ್ರ ಬರೆಯುತ್ತಿಲ್ಲ. ಹೀಗೆ ಎಲ್ಲ ಕ್ಲಾಸಿಗೂ ಹೋಗಿ ಬಂದವನಿಗೆ ಒಂದು ಲಾಭವೂ ಇದೆ. ಹಿಂದಿನ ಬೆಂಚಿನ ಮಕ್ಕಳ ಪರಿಚಯ ಚೆನ್ನಾಗಿ ಆಗುತ್ತದೆ.

ಈಗ ಬರೆಯೋದಕ್ಕೆ ಕಾರಣ ಒಂದು ಫ್ಲೆಕ್ಸ್. ಮೇ ತಿಂಗಳಲ್ಲಿ ಯಾವುದೋ ಊರಿಗೆ ಹೋಗಿದ್ದವನು ಹೈಸ್ಕೂಲ್ ಗೇಟಿನ ಮುಂದೆ ಬಸ್ಸಿಗೆ ಕಾಯುತ್ತಾ ನಿಂತಿದ್ದೆ. ಗೇಟಿಗೆ ಹೊಸ ಫ್ಲೆಕ್ಸ್ ಕಟ್ಟಿದ್ದರು. ಮೇಲುಗಡೆ ಸಚಿವರು, ಶಾಸಕರ ಫೋಟೊ. (ತಮ್ಮದು ಚೆನ್ನಾಗಿ ಬಂದಿತ್ತು.) ಕೆಳಗೆ ನಾಲ್ಕು ಮಕ್ಕಳ ಫೋಟೊ, 625ಕ್ಕೆ ಇಷ್ಟಿಷ್ಟು ಅಂತ. ನಡುವೆ ದಪ್ಪ ಅಕ್ಷರದಲ್ಲಿ ‘ಶಾಲೆಯ ಫಲಿತಾಂಶ ಶೇ. 100’. ಆ ನಾಲ್ಕು ಮಕ್ಕಳ ಸಾಧನೆ ಸಣ್ಣದಲ್ಲ. ಅವರಲ್ಲಿ ಒಬ್ಬಳು ದಿನಾ ಬೆಳಿಗ್ಗೆ ಡೇರಿಗೆ ಹಾಲು ಹಾಕಿ ಸ್ಕೂಲಿಗೆ ಬರುತ್ತಿದ್ದಳಂತೆ. ಪಕ್ಕದ ಅಂಗಡಿಯವರು ಹೇಳಿದರು.

‘ಈ ಸಲ ಹತ್ತನೇ ಕ್ಲಾಸಲ್ಲಿ ಎಷ್ಟು ಮಕ್ಕಳಿದ್ರು?’ ಅಂತ ಅವರನ್ನೇ ಕೇಳಿದೆ.

‘ಇಪ್ಪತ್ತಾರು.’

‘ಹೋದ ವರ್ಷ ಒಂಬತ್ತರಲ್ಲಿ?’

ಅವರ ಮಗಳು ಅದೇ ಕ್ಲಾಸು. ಒಳಗೆ ಕೂಗಿ ಕೇಳಿ, ‘ಮೂವತ್ತೊಂದಂತೆ ಸಾರ್’ ಅಂದರು.

ಉಳಿದ ಐದು ಮಕ್ಕಳು ಎಲ್ಲಿ ಹೋದರು ಅಂತ ನಾನು ಕೇಳಲಿಲ್ಲ. ಊರು ಬಿಟ್ಟು ಗುಳೆ ಹೋಗಿರಬಹುದು, ಮದುವೆಯಾಗಿರಬಹುದು, ಬೇರೆ ಸ್ಕೂಲಿಗೆ ಸೇರಿರಬಹುದು. ಆದರೆ ಇಷ್ಟು ವರ್ಷ ಒಳಗಿದ್ದವನಿಗೆ ಇನ್ನೊಂದು ಅನುಮಾನವೂ ಬರುತ್ತದೆ. ಅದನ್ನು ವಿವರವಾಗಿ ಹೇಳುತ್ತೇನೆ.

ನಾನಿದ್ದ ಒಂದು ಶಾಲೆಯಲ್ಲಿ ಒಂದು ವರ್ಷ ಹತ್ತನೇ ತರಗತಿಗೆ 34 ಮಕ್ಕಳು ಇರಬೇಕಿತ್ತು. ಜೂನ್‌ನಲ್ಲಿ ಸ್ಟಾಫ್ ಮೀಟಿಂಗ್. ಒಬ್ಬ ಹುಡುಗನ ಮಾತು ಬಂತು. ಓದೋಕೆ ಬರಲ್ಲ, ಬರೆದರೆ ಅಕ್ಷರ ತಿರುಗುಮುರುಗು, ಇವನನ್ನು ಒಂಬತ್ತರಲ್ಲೇ ಕೂರಿಸೋಣವಾ ಅಂತ. ಒಬ್ಬ ಸಹೋದ್ಯೋಗಿ ಕ್ಯಾಲ್ಕುಲೇಟರ್ ಒತ್ತಿ ಹೇಳಿದರು: ‘ಸಾರ್, ಈ ಹುಡುಗ ನಮಗೆ ಮೂರು ಪರ್ಸೆಂಟ್.’

ಲೆಕ್ಕ ಸರಿಯಾಗೇ ಇತ್ತು. ಮೂವತ್ತನಾಲ್ಕರಲ್ಲಿ ಒಬ್ಬ ಫೇಲಾದರೆ ಸುಮಾರು ಮೂರು ಪರ್ಸೆಂಟ್ ಇಳಿಯುತ್ತದೆ. ಬೆಂಗಳೂರಿನ ಮುನ್ನೂರು ಮಕ್ಕಳ ಶಾಲೆಗೆ ಒಬ್ಬ ಹುಡುಗ ಏನೂ ಅಲ್ಲ. ನಮ್ಮ ಹಳ್ಳಿಯ ಶಾಲೆಗೆ ಇಬ್ಬರು ಅಂಥವರಿದ್ದರೆ ಹೆಡ್‌ಮಾಸ್ಟರ್‌ಗೆ ನಿದ್ದೆ ಹೋಗುತ್ತದೆ.

ಆ ಹೆಡ್‌ಮಾಸ್ಟರ್ ಕೆಟ್ಟವರಲ್ಲ. ಮಕ್ಕಳನ್ನು ಆಟಕ್ಕೆ ಕರೆದುಕೊಂಡು ಹೋಗೋ ಟೆಂಪೊಗೆ ಎಷ್ಟೋ ಸಲ ಸ್ವಂತ ಜೇಬಿನಿಂದ ಕೊಟ್ಟವರು. ಆದರೆ ಪ್ರಗತಿ ಪರಿಶೀಲನಾ ಸಭೆಗೆ ಹೋಗಿ ಬಂದ ದಿನ ಅವರ ಮುಖ ನೋಡೋಕಾಗುತ್ತಿರಲಿಲ್ಲ. ಗೋಡೆಯ ಮೇಲೆ ಪ್ರೊಜೆಕ್ಟರ್ ಬಿಡುತ್ತಾರೆ. ಫಲಿತಾಂಶ ಕಡಿಮೆ ಬಂದ ಶಾಲೆಗಳ ಸಾಲಿಗೆ ಕೆಂಪು ಬಣ್ಣ. ಒಬ್ಬೊಬ್ಬರನ್ನೇ ಎಬ್ಬಿಸಿ ಕೇಳುತ್ತಾರೆ. ಐವತ್ತೈದು ವರ್ಷದ ಮನುಷ್ಯ ನೂರು ಜನರ ಮುಂದೆ ಎದ್ದು ನಿಂತು, ನನ್ನ ಸ್ಕೂಲಲ್ಲಿ ಯಾಕೆ ಇಷ್ಟು ಜನ ಫೇಲಾದರು ಅಂತ ಹೇಳಬೇಕು. ಆ ಗೋಡೆ ಮೇಲೆ ಒಂದೇ ಅಂಕಿ ಇರುತ್ತದೆ. ಜೊತೆಗೆ ಆ ಶಾಲೆಯಲ್ಲಿ ಎಂಥ ಮಕ್ಕಳಿದ್ದರು, ಎಲ್ಲಿಂದ ಎಲ್ಲಿಗೆ ಬಂದರು ಅನ್ನೋದು ಇರೋದಿಲ್ಲ.

2023ರಲ್ಲಿ ಎಸ್ಸೆಸ್ಸೆಲ್ಸಿ ಫಲಿತಾಂಶ ಶೇ. 83.89 ಇತ್ತು. 2024ರಲ್ಲಿ ಪರೀಕ್ಷಾ ಕೇಂದ್ರಗಳಿಗೆ ವೆಬ್‌ಕಾಸ್ಟಿಂಗ್ ಬಂತು, ಫಲಿತಾಂಶ ಶೇ. 73.40ಕ್ಕೆ ಇಳಿಯಿತು. ನಕಲು ನಿಂತಿದ್ದು ಒಳ್ಳೆಯದೇ. ನನ್ನ ಪೂರ್ತಿ ಒಪ್ಪಿಗೆ ಇದೆ. ಅದೇ ವರ್ಷ ಪರೀಕ್ಷೆ 1, 2, 3 ಅಂತ ಮೂರು ಅವಕಾಶ ಕೊಟ್ಟಿದ್ದೂ ಒಳ್ಳೆಯ ಕೆಲಸ. ಫೇಲಾದವನು ಮಾವಿನ ತೋಪು ಕಾಯೋಕೆ ಹೋಗೋ ಮುಂಚೆಯೇ ಮತ್ತೆ ಬರೆಯಬಹುದು. ಆದರೆ ಅಂಕಿ ಇಳಿದ ಮೇಲೆ ಒತ್ತಡ ಕೆಳಗೆ ಇಳಿಯುತ್ತಾ ಬರುತ್ತದೆ. ರಾಜ್ಯದಿಂದ ಜಿಲ್ಲೆಗೆ, ಜಿಲ್ಲೆಯಿಂದ ತಾಲ್ಲೂಕಿನ ಕ್ಷೇತ್ರ ಶಿಕ್ಷಣಾಧಿಕಾರಿ ಬಿಇಒಗೆ, ಬಿಇಒ ಅವರಿಂದ ಹೆಡ್‌ಮಾಸ್ಟರ್‌ಗೆ. ಕೊನೆಗೆ ಅದು ಬಂದು ಕೂರೋದು ಮೂರು ಪರ್ಸೆಂಟ್ ಹುಡುಗನ ತಲೆ ಮೇಲೆ.

ಮೊದಲು ಟೈಮ್‌ಟೇಬಲ್ ಬದಲಾಗುತ್ತದೆ. ದೀಪಾವಳಿ ಕಳೆದ ಮೇಲೆ ನೋಡಿ, ಹತ್ತನೇ ಕ್ಲಾಸಿನ ಡ್ರಾಯಿಂಗ್, ಪಿ.ಟಿ., ಲೈಬ್ರರಿ ಪೀರಿಯಡ್ ಒಂದೊಂದಾಗಿ ಮಾಯ. ಬೋರ್ಡಿನ ಮೇಲೆ ಇರುತ್ತವೆ, ಒಳಗೆ ನಡೆಯೋದು ಗಣಿತ. ಬೆಳಿಗ್ಗೆ ಸ್ಪೆಷಲ್ ಕ್ಲಾಸು, ಸಂಜೆ ಗುಂಪು ಅಧ್ಯಯನ, ಬೆಳಗಿನ ಜಾವ ಐದಕ್ಕೆ ಮೇಷ್ಟ್ರಿಂದ ‘ಎದ್ಯೇನಪ್ಪಾ’ ಅಂತ ಫೋನ್. ನಿಧಾನಗತಿಯ ಕಲಿಕೆಯವರಿಗೆ ‘ಪಾಸಿಂಗ್ ಪ್ಯಾಕೇಜ್’ ಅಂತ ಒಂದಿದೆ. ಮೂವತ್ತು ಪ್ರಶ್ನೆ ಬಾಯಿಪಾಠ ಮಾಡಿದರೆ ಪಾಸು. ಇದನ್ನೆಲ್ಲ ಮಾಡೋ ಮೇಷ್ಟ್ರುಗಳ ಶ್ರಮದ ಬಗ್ಗೆ ನನಗೆ ಗೌರವ ಇದೆ. ರಾತ್ರಿ ಒಂಬತ್ತರವರೆಗೆ ಮಕ್ಕಳ ಜೊತೆ ಕೂತವರನ್ನು ನೋಡಿದ್ದೇನೆ. ಆದರೆ ಬೆಳಗಿಂದ ಸಂಜೆವರೆಗೆ ಸೋಲುವ ಮಗುವಿಗೆ ವಾರಕ್ಕೆ ಎರಡು ಪೀರಿಯಡ್ ಮಾತ್ರ ಗೆಲ್ಲೋಕೆ ಸಿಗುತ್ತೆ ಅಂದರೆ, ನಾವು ಮೊದಲು ಕಿತ್ತುಕೊಳ್ಳೋದು ಅದೇ ಎರಡನ್ನ.

ಆ ಹುಡುಗನನ್ನು ಕೂರಿಸಲಿಲ್ಲ. ನಾನೇನೂ ಹೋರಾಟ ಮಾಡಿದ್ದಲ್ಲ. ಅವನ ಅಪ್ಪ ಬಂದು ಹೆಡ್‌ಮಾಸ್ಟರ್ ಮುಂದೆ ಟವೆಲ್ ಹಿಡಿದುಕೊಂಡು ಸುಮ್ನೆ ನಿಂತರು. ಏನೂ ಮಾತಾಡಲಿಲ್ಲ. ಹೆಡ್‌ಮಾಸ್ಟರ್ ಕೈಯಲ್ಲಿ ‘ಇಲ್ಲ’ ಅನ್ನೋಕೆ ಆಗಲಿಲ್ಲ.

ಅವನ ಬಗ್ಗೆ ನನಗೆ ಗೊತ್ತಾಗಿದ್ದು ಕಂಪಾಸ್ ಬಾಕ್ಸಿನ ಕೈವಾರದಿಂದ. ಡ್ರಾಯಿಂಗ್ ಲೋಯರ್ ಗ್ರೇಡ್ ಪರೀಕ್ಷೆಗೆ ಮಕ್ಕಳನ್ನು ತಯಾರು ಮಾಡುತ್ತಿದ್ದೆ. ಒಂದು ವೃತ್ತ, ಹೊರಗೆ ಒಂದು ಬಿಂದು, ಅಲ್ಲಿಂದ ಎರಡು ಸ್ಪರ್ಶಕ ಎಳೆಯಬೇಕು. ಬೋರ್ಡಿನಲ್ಲಿ ಒಂದು ಸಲ ಮಾಡಿ ತೋರಿಸಿದೆ. ಓದಿನಲ್ಲಿ ಮುಂದಿದ್ದವರು ಪಾಯಿಂಟ್ ಪಾಯಿಂಟ್ ಹಂತ ಬರೆದುಕೊಂಡರು. ಇವನು ಏನೂ ಬರೆಯಲಿಲ್ಲ. ಕಣ್ಣು ಚಿಕ್ಕದು ಮಾಡಿ ನನ್ನ ಕೈಯನ್ನೇ ನೋಡಿದ. ಆಮೇಲೆ ಕೈವಾರದ ಮುಳ್ಳನ್ನು ಹಾಳೆಯ ಮೇಲೆ ಇಟ್ಟು, ಹಾಳೆಯನ್ನೇ ತಿರುಗಿಸಿ ಚಾಪ ಎಳೆದ. ಕೈವಾರ ಅಲ್ಲಾಡಲಿಲ್ಲ. ಅವನ ಕೈವಾರದ ಸ್ಕ್ರೂ ಸಡಿಲವಾಗಿತ್ತು, ತಿರುಗಿಸಿದರೆ ಬಾಯಿ ಬಿಡುತ್ತಿತ್ತು, ಅದಕ್ಕೇ ಹಾಳೆ ತಿರುಗಿಸಿದ್ದು! ಎರಡೂ ಗೆರೆ ವೃತ್ತವನ್ನು ಕೂದಲೆಳೆಯಷ್ಟು ಮುಟ್ಟಿ ಹೋಗಿದ್ದವು. ಇಡೀ ಕ್ಲಾಸಿನಲ್ಲಿ ಅಷ್ಟು ಚೊಕ್ಕ ಇನ್ಯಾರದೂ ಇರಲಿಲ್ಲ. ಕೆಳಗೆ ‘ಸ್ಪರ್ಶಕ’ ಅಂತ ಬರೀಬೇಕಿತ್ತು. ‘ಸ್ಪಶರ್ಕ’ ಅಂತ ಬರೆದಿದ್ದ. ಅರ್ಕಾವತ್ತು ಎಲ್ಲಿ ಹಾಕಬೇಕು ಅಂತ ಅವನಿಗೆ ಎಂದೂ ಗೊತ್ತಾಗಲಿಲ್ಲ.

ಆ ಹಾಳೆಯನ್ನು ಗಣಿತದ ಮೇಷ್ಟ್ರಿಗೆ ತೋರಿಸಿದೆ. ಅವರು ಬಹಳ ಹೊತ್ತು ನೋಡಿ, ‘ಇವನಿಗೆ ಗಣಿತ ಬರುತ್ತೆ ಮಾರಾಯ್ರೆ, ಓದೋಕೆ ಬರಲ್ಲ ಅಷ್ಟೇ’ ಅಂದರು. ಒಂಬತ್ತು ವರ್ಷ ಸ್ಕೂಲಿನಲ್ಲಿ ಇದ್ದ ಹುಡುಗನ ಬಗ್ಗೆ ನಾವು ಅಷ್ಟು ತಿಳಿದುಕೊಳ್ಳೋಕೆ ಒಂದು ಡ್ರಾಯಿಂಗ್ ಪೀರಿಯಡ್ ಬೇಕಾಯಿತು. ಅದು ಡಿಸೆಂಬರ್ ಆಗಿದ್ದರೆ ಆ ಪೀರಿಯಡ್ಡೇ ಇರುತ್ತಿರಲಿಲ್ಲ. ಸದ್ಯ, ಆಗಿನ್ನೂ ಜುಲೈ.

ಆಮೇಲೆ ಓಡಾಟ. ಜಿಲ್ಲಾಸ್ಪತ್ರೆಗೆ ಮೂರು ಸಲ, ಬೆಂಗಳೂರಿಗೆ ಒಂದು ಸಲ. ಕಲಿಕಾ ನ್ಯೂನತೆ ಅಂತ ಸರ್ಟಿಫಿಕೇಟ್ ಬಂತು. ಅವನ ಅಪ್ಪ ಅದನ್ನು ಪ್ಲಾಸ್ಟಿಕ್ ಕವರಿನಲ್ಲಿ ಹಾಕಿ ನನಗೆ ತೋರಿಸುತ್ತಾ, ‘ದಡ್ಡ ಅಲ್ವಂತೆ ಮೇಷ್ಟ್ರೇ, ಇದೊಂದು ಖಾಯಿಲೆನೂ ಅಲ್ವಂತೆ’ ಅಂದರು.

ಇಂಥ ಮಕ್ಕಳಿಗೆ ಪರೀಕ್ಷೆಯಲ್ಲಿ ಸೌಲಭ್ಯಗಳಿವೆ. ಬರೆಯೋಕೆ ಸಹಾಯಕರು, ಗಂಟೆಗೆ 20 ನಿಮಿಷ ಹೆಚ್ಚು ಸಮಯ, ನ್ಯೂನತೆ ನೋಡಿ ಒಂದು ಭಾಷೆಯಿಂದ ವಿನಾಯಿತಿ, ಗಣಿತ ವಿಜ್ಞಾನದ ಬದಲು ಸಮಾಜಶಾಸ್ತ್ರ, ರಾಜ್ಯಶಾಸ್ತ್ರದಂಥ ಪರ್ಯಾಯ ವಿಷಯ. ಕಾಗದದ ಮೇಲೆ ನಮ್ಮ ರಾಜ್ಯ ಕೈಬಿಚ್ಚಿ ಕೊಟ್ಟಿದೆ. ತೊಂದರೆ ಇರೋದು ತಾರೀಖಿನಲ್ಲಿ. ಪರ್ಯಾಯ ವಿಷಯ ಮುಂಚೆಯೇ ಆರಿಸಿಕೊಳ್ಳಬೇಕು. ನಮ್ಮಲ್ಲಿ ಮಗುವಿಗೆ ತೊಂದರೆ ಇದೆ ಅಂತ ಗೊತ್ತಾಗೋದೇ ಜನವರಿಯ ಪ್ರಿಪರೇಟರಿ ಪರೀಕ್ಷೆ ಹೊತ್ತಿಗೆ.

ಸಹಾಯಕರ ಕಥೆ ಇನ್ನೂ ಸ್ವಾರಸ್ಯ. ಕೆಳಗಿನ ಕ್ಲಾಸಿನವರೇ ಆಗಬೇಕು ಅನ್ನೋದು ನಿಯಮ. ಇಲ್ಲದಿದ್ದರೆ ಅವರೇ ಉತ್ತರ ಬರೆದುಬಿಡುತ್ತಾರೆ ಅನ್ನೋ ಭಯ, ಅದೂ ಸರಿಯೇ. ನಮ್ಮ ಹುಡುಗನಿಗೆ ಒಂಬತ್ತನೇ ಕ್ಲಾಸಿನ ಹುಡುಗಿಯೊಬ್ಬಳನ್ನು ಕೊಟ್ಟರು. ದುಂಡನೆ ಅಕ್ಷರ, ಒಳ್ಳೆ ಮಗು. ಆದರೆ ತ್ರಿಕೋನಮಿತಿ ಬರೋದು ಹತ್ತರಲ್ಲಿ. ಪರೀಕ್ಷೆಗೆ ವಾರ ಇರುವಾಗ ಇಬ್ಬರನ್ನೂ ಕೂರಿಸಿ ಅಭ್ಯಾಸ ಮಾಡಿಸಿದೆವು. ಇವನು ‘ಸೈನ್ ತೀಟಾ’ ಅಂದ. ಅವಳು ಕನ್ನಡದಲ್ಲಿ ‘ಸಾಯಿನ ತೀಟೆ’ ಅಂತ ಬರೆದಳು. ಗಣಿತದ ಮೇಷ್ಟ್ರು ನಕ್ಕು ನಕ್ಕು ಕಣ್ಣೊರೆಸಿಕೊಂಡರು. ಆಮೇಲೆ ಅವರೇ ಗಂಭೀರರಾದರು. ಇದೇ ಪರೀಕ್ಷಾ ಕೊಠಡಿಯಲ್ಲಿ ಆಗಿದ್ದರೆ? ಒಂದು ವಾರ ಕೂತು ಆ ಹುಡುಗಿಗೆ ಚಿಹ್ನೆಗಳನ್ನು ಕಲಿಸಿದರು. ಉತ್ತರವನ್ನಲ್ಲ, ಬರೀ ಚಿಹ್ನೆ. ಇವನಿಗೆ ಹೇಳಿಕೊಡೋದನ್ನು ಕಲಿಸಿದರು. ಎಲ್ಲಿ ಭಾಗಾಕಾರದ ಗೆರೆ, ಎಲ್ಲಿ ವರ್ಗಮೂಲ ಮುಗಿಯಿತು ಅಂತ ಬಾಯಲ್ಲಿ ಹೇಳೋದೂ ಒಂದು ವಿದ್ಯೆ. ಒಂದು ವಾರದ ಬದಲು ಎಂಟು ತಿಂಗಳು ಸಿಕ್ಕಿದ್ದರೆ ಅಂತ ಈಗಲೂ ಅಂದುಕೊಳ್ಳುತ್ತೇನೆ. ಜೂನ್‌ನಲ್ಲೇ ಈ ಜೋಡಿ ಮಾಡಿಕೊಳ್ಳಿ ಅಂತ ಒಂದು ಸುತ್ತೋಲೆ ಹೊರಡಿಸೋಕೆ ಏನು ಖರ್ಚಾಗುತ್ತೆ ಸಾರ್?

ಅವನು ಪಾಸಾದ. ಗಣಿತದಲ್ಲಿ 58. ಈಗ ಗ್ರಿಲ್, ಗೇಟ್ ಮಾಡೋ ವರ್ಕ್‌ಶಾಪ್ ಇಟ್ಟಿದ್ದಾನೆ. ಬಿಲ್ ಮಾತ್ರ ಅವನ ಹೆಂಡತಿ ಬರೆಯುತ್ತಾಳೆ. ಫ್ಲೆಕ್ಸಿನಲ್ಲಿ ಅವನ ಫೋಟೊ ಬರಲಿಲ್ಲ. ಲೋಯರ್ ಗ್ರೇಡ್‌ನಲ್ಲಿ ನಮ್ಮ ಶಾಲೆಗೆ ಆ ವರ್ಷ ಅವನೇ ಮೊದಲು. ಅದನ್ನು ಹಾಕೋಣ ಅಂತ ನಾನು ಅಂದಿದ್ದಕ್ಕೆ, ‘ಅದು ರಿಸಲ್ಟ್ ಅಲ್ವಲ್ಲ ಸಾರ್’ ಅಂದರು.

ಕಾನೂನು ಏನು ಹೇಳುತ್ತೆ ಅಂತ ರಿಟೈರಾದ ಮೇಲೆ ಬಿಡುವಿನಲ್ಲಿ ಓದಿದೆ. ಸರ್ವೀಸಿನಲ್ಲಿದ್ದಾಗ ಓದಬೇಕಿತ್ತು, ತಪ್ಪು ನನ್ನದೇ. ಶಿಕ್ಷಣ ಹಕ್ಕು ಕಾಯ್ದೆ 14 ವರ್ಷಕ್ಕೆ, ಎಂಟನೇ ಕ್ಲಾಸಿಗೆ ನಿಂತುಬಿಡುತ್ತದೆ. ಅಂದರೆ ಹೈಸ್ಕೂಲಿನ ಒಂಬತ್ತು, ಹತ್ತು ಅದರಾಚೆ. ಆದರೆ 2016ರ ವಿಕಲಚೇತನರ ಹಕ್ಕುಗಳ ಕಾಯ್ದೆ, ಶೇ. 40 ಅಥವಾ ಅದಕ್ಕಿಂತ ಹೆಚ್ಚು ನ್ಯೂನತೆ ಇರುವ ಮಕ್ಕಳಿಗೆ ಈ ಹಕ್ಕನ್ನು 18 ವರ್ಷದವರೆಗೆ ಎಳೆದಿದೆ. ಆ ಕಾಯ್ದೆಯಲ್ಲಿ 21 ಬಗೆಯ ನ್ಯೂನತೆಗಳಿವೆ, ಕಲಿಕಾ ನ್ಯೂನತೆಯೂ ಅದರಲ್ಲಿ ಒಂದು. ನನ್ನ ಕಣ್ಣು ನಿಂತಿದ್ದು 16ನೇ ಕಲಮಿನ ಮೇಲೆ. ಶಾಲೆಗಳು ಏನೇನು ಮಾಡಬೇಕು ಅನ್ನೋ ಪಟ್ಟಿ ಅದು. ಮೊದಲನೇ ಅಂಶದಲ್ಲೇ, ತಾರತಮ್ಯ ಇಲ್ಲದೆ ಸೇರಿಸಿಕೊಳ್ಳಬೇಕು ಅನ್ನೋದರ ಜೊತೆಗೇ, ಆಟ ಮತ್ತು ಮನರಂಜನೆಯಲ್ಲಿ ಬೇರೆ ಮಕ್ಕಳಷ್ಟೇ ಅವಕಾಶ ಕೊಡಬೇಕು ಅಂತ ಇದೆ. ರ‍್ಯಾಂಪ್‌ನ ಮಾತು ಅದರ ಆಮೇಲೆ ಬರುತ್ತದೆ. ಕಲಿಕಾ ನ್ಯೂನತೆಯನ್ನು ಆದಷ್ಟು ಬೇಗ ಗುರುತಿಸಬೇಕು ಅಂತಲೂ ಅದೇ ಪಟ್ಟಿಯಲ್ಲಿದೆ. ನಾವು ರ‍್ಯಾಂಪ್ ಕಟ್ಟಿದ್ದೇವೆ. ಕೆಲವು ಕಡೆ ಅದು ಎಷ್ಟು ಕಡಿದಾಗಿದೆ ಅಂದರೆ, ಸೈಕಲ್ ಜಾರಿಸೋಕೆ ಹುಡುಗರಿಗೆ ಬಹಳ ಅನುಕೂಲ.

ವಿಶೇಷ ಶಿಕ್ಷಕರ ವಿಷಯಕ್ಕೆ ಬಂದರೆ, ಸುಪ್ರೀಂ ಕೋರ್ಟ್ 2021ರಲ್ಲೇ ಹೇಳಿದೆ. ಹೈಸ್ಕೂಲ್ ಹಂತದಲ್ಲಿ ಇಂಥ 15 ಮಕ್ಕಳಿಗೆ ಒಬ್ಬರು ವಿಶೇಷ ಶಿಕ್ಷಕರು ಇರಬೇಕು. ನಮ್ಮಲ್ಲಿ ತಾಲ್ಲೂಕಿನ ಸಂಪನ್ಮೂಲ ಕೇಂದ್ರ ಬಿಆರ್‌ಸಿಯಲ್ಲಿ ಬಿಐಇಆರ್‌ಟಿ ಅಂತ ವಿಶೇಷ ಶಿಕ್ಷಕರು ಇದ್ದಾರೆ. ತಾಲ್ಲೂಕಿಗೆ ಬೆರಳೆಣಿಕೆ ಜನ. ಅಂಗನವಾಡಿ ವಯಸ್ಸು ದಾಟಿದ ಮಗುವಿನಿಂದ ಹಿಡಿದು ಹತ್ತನೇ ಕ್ಲಾಸಿನವರೆಗೆ, ಮನೆಯಲ್ಲೇ ಮಲಗಿರೋ ಮಕ್ಕಳಿಗೆ ಮನೆಗೇ ಹೋಗಿ ಕಲಿಸೋದೂ ಸೇರಿ, ಎಲ್ಲ ಅವರದೇ. ನಮ್ಮ ಶಾಲೆಗೆ ಬರುತ್ತಿದ್ದ ಮೇಡಂ ಒಬ್ಬರಿದ್ದರು. ಸ್ಕೂಟರಿನಲ್ಲಿ ಬರೋರು, ಬ್ಯಾಗಿನಲ್ಲಿ ಬ್ರೈಲ್ ಹಲಗೆಯಿಂದ ಹಿಡಿದು ಬಿಸ್ಕತ್ತಿನವರೆಗೆ ಇರುತ್ತಿತ್ತು. ಒಂದು ಕ್ಲಾಸಿನಲ್ಲಿ ಅರ್ಧ ಗಂಟೆ ಕೂತು, ನಾವು ಇಡೀ ವರ್ಷ ಕಾಣದ್ದನ್ನು ಕಂಡು ಹೇಳೋರು. ತಿಂಗಳಿಗೊಮ್ಮೆ ಬಂದರೆ ಹೆಚ್ಚು. ಕ್ಲೇ ಮಾಡೆಲಿಂಗ್ ಮಾಡುತ್ತಿದ್ದ ಒಬ್ಬ ಹುಡುಗಿಯ ವಿಷಯದಲ್ಲಿ ನನ್ನ ಕಣ್ಣು ತೆರೆಸಿದವರೂ ಅವರೇ.

ಆ ಹುಡುಗಿಗೆ ಕಿವಿ ಕೇಳಿಸುತ್ತಿರಲಿಲ್ಲ. ಮೆಷಿನ್ ಇತ್ತು. ಸೆಲ್ ಮುಗಿದರೆ ಮುಂದಿನ ಸಂತೆವರೆಗೆ ಇಲ್ಲ. ಎಂಟನೇ ಕ್ಲಾಸು. ಮಣ್ಣು ಕೈಗೆ ಸಿಕ್ಕರೆ ಸಾಕು, ಏನಾದರೂ ಮಾಡುತ್ತಿದ್ದಳು. ಪ್ರತಿಭಾ ಕಾರಂಜಿಯಲ್ಲಿ ಕ್ಲಸ್ಟರ್ ಮಟ್ಟದಲ್ಲಿ ಮೊದಲು ಬಂದಳು. ಅಲ್ಲಿ ನಾನೇ ಇದ್ದೆ, ವಿಷಯ ಏನು ಅಂತ ಸನ್ನೆ ಮಾಡಿ ಹೇಳಿದ್ದೆ. ತಾಲ್ಲೂಕು ಮಟ್ಟಕ್ಕೆ ಹೋದೆವು. ನೀವೂ ಉದ್ಘಾಟನೆಗೆ ಹೋಗಿ ನೋಡಿರುತ್ತೀರಿ, ಒಂದೇ ದಿನ, ಒಂದೇ ಕಟ್ಟಡ. ಒಂದು ರೂಮಿನಲ್ಲಿ ಕವ್ವಾಲಿ, ಒಂದರಲ್ಲಿ ಭಾವಗೀತೆ, ವರಾಂಡದಲ್ಲಿ ರಂಗೋಲಿ, ಮೈದಾನದಲ್ಲಿ ಜಾನಪದ ನೃತ್ಯದ ಗೆಜ್ಜೆ. ಮೇಷ್ಟ್ರುಗಳನ್ನು ರೂಮಿನ ಒಳಗೆ ಬಿಡೋದಿಲ್ಲ. ತೀರ್ಪುಗಾರರು ಬಾಗಿಲಲ್ಲಿ ನಿಂತು ವಿಷಯವನ್ನು ಜೋರಾಗಿ ಹೇಳಿ ಹೋದರು: ‘ರೈತನ ಬದುಕು’. ಒಂದು ಸಲ ಹೇಳಿದರು ಅಷ್ಟೇ.

ನಾನು ಕಿಟಕಿಯಿಂದ ನೋಡುತ್ತಿದ್ದೆ. ಎಲ್ಲರೂ ಮಣ್ಣು ಕಲಸೋಕೆ ಶುರು ಮಾಡಿದರು. ಇವಳು ತಲೆ ಎತ್ತಿ ಸುತ್ತ ನೋಡಿದಳು. ಆ ಕಡೆ, ಈ ಕಡೆ. ಐದು ನಿಮಿಷ ಸುಮ್ನೆ ಕೂತಳು. ಮಣ್ಣಿನ ಮೇಲೆ ಒದ್ದೆ ಬಟ್ಟೆ ಹಾಗೇ ಇತ್ತು. ಪಕ್ಕದ ಹುಡುಗ ಎತ್ತು ಮಾಡೋದು ಕಂಡಿತು. ಓ, ದನ ಅಂತ ಅಂದುಕೊಂಡಿರಬೇಕು. ಬಟ್ಟೆ ತೆಗೆದು ಒಂದು ಹಸು ಮಾಡಿದಳು. ಕರು ಹಾಲು ಕುಡೀತಾ ಇದೆ, ಹಸು ಕುತ್ತಿಗೆ ಹಿಂದಕ್ಕೆ ತಿರುಗಿಸಿ ಕರುವಿನ ಬೆನ್ನು ನೆಕ್ಕುತ್ತಾ ಇದೆ. ಆ ಕುತ್ತಿಗೆಯ ಮಡಿಕೆಗಳನ್ನು ಕಡ್ಡಿಯಿಂದಲ್ಲ, ಉಗುರಿನಿಂದ ಎಳೆದಳು. ನಾನು 29 ವರ್ಷದಲ್ಲಿ ಹೈಸ್ಕೂಲ್ ಮಗುವಿನ ಕೈಯಲ್ಲಿ ಅಂಥ ಹಸು ನೋಡಿಲ್ಲ.

ಬಹುಮಾನ ಬರಲಿಲ್ಲ. ಹೋಗಿ ಕೇಳಿದೆ. ತೀರ್ಪುಗಾರರಲ್ಲಿ ಒಬ್ಬರು, ‘ಕೆಲಸ ಚೆನ್ನಾಗಿದೆ ಸಾರ್. ಆದ್ರೆ ಆ ಹುಡುಗಿ ಪಕ್ಕದವನನ್ನ ನೋಡ್ಕೊಂಡು ಮಾಡ್ತಿದ್ಲು. ಕಾಪಿ’ ಅಂದರು.

ಅವರಿಗೂ ಗೊತ್ತಿರಲಿಲ್ಲ. ಅವಳ ಹೆಸರಿನ ಮುಂದೆ ಕಿವಿ ಕೇಳಿಸಲ್ಲ ಅಂತ ಯಾರೂ ಬರೆದಿರಲಿಲ್ಲ. ನಾನೂ ಬರೆದಿರಲಿಲ್ಲ. ಬಿಐಇಆರ್‌ಟಿ ಮೇಡಂಗೆ ಇದನ್ನು ಹೇಳಿದಾಗ ಅವರು ಬೈಯಲಿಲ್ಲ. ‘ವಿಷಯ ಬೋರ್ಡಿನ ಮೇಲೆ ಬರೆಸಬೇಕಿತ್ತು ಸಾರ್’ ಅಂದರು. ಇಷ್ಟೇ ಇಷ್ಟು ಮಾತು. ಒಂದು ತುಂಡು ಸೀಮೆಸುಣ್ಣ. ಆಶುಭಾಷಣ, ಚಿತ್ರಕಲೆ, ರಂಗೋಲಿ, ಕ್ಲೇ ಮಾಡೆಲಿಂಗ್, ಸ್ಥಳದಲ್ಲೇ ವಿಷಯ ಕೊಡೋ ಯಾವ ಸ್ಪರ್ಧೆಗಾದರೂ ಬೋರ್ಡಿನ ಮೇಲೆ ಬರೆದರೆ ಯಾರಿಗೂ ನಷ್ಟ ಇಲ್ಲ. ಕಿವಿ ಕೇಳಿಸುವ ಮಕ್ಕಳಿಗೂ ಆ ಗಲಾಟೆಯಲ್ಲಿ ಸರಿಯಾಗಿ ಕೇಳಿಸಿರೋದಿಲ್ಲ.

ಡಿಸೆಂಬರ್ 3ರಂದು ವಿಶ್ವ ವಿಕಲಚೇತನರ ದಿನ ಅಂತ ತಾಲ್ಲೂಕಿನಲ್ಲಿ ಒಂದು ಕಾರ್ಯಕ್ರಮ ಮಾಡುತ್ತೇವಲ್ಲ, ಅದರ ಬಗ್ಗೆಯೂ ಒಂದು ಮಾತು. ಮಕ್ಕಳು ಖುಷಿಯಾಗಿ ಬರುತ್ತಾರೆ, ಅದು ನಿಜ. ಚಮಚದಲ್ಲಿ ನಿಂಬೆಹಣ್ಣು, ಬಕೆಟ್ಟಿಗೆ ಬಾಲ್ ಹಾಕೋದು, ಎಲ್ಲರಿಗೂ ಒಂದೊಂದು ಸ್ಟೀಲ್ ತಟ್ಟೆ, ಅತಿಥಿಗಳ ಜೊತೆ ಫೋಟೊ. ಮಾಡಿ, ಬೇಡ ಅನ್ನೋದಿಲ್ಲ. ಆದರೆ ಆ ದಿನ ಒಂದು ಮಾಡಿದ್ದೇವೆ ಅಂತ ಉಳಿದ ಕ್ರೀಡಾಕೂಟಗಳಿಂದ ಆ ಮಕ್ಕಳನ್ನು ಬಿಡೋದು ಸರಿಯಾ? ನಮ್ಮ ಹಾಸನ ಜಿಲ್ಲೆಯ ಗಿರೀಶ್ 2012ರ ಲಂಡನ್ ಪ್ಯಾರಾಲಿಂಪಿಕ್ಸ್‌ನಲ್ಲಿ 1.74 ಮೀಟರ್ ಎತ್ತರ ಜಿಗಿದು ಬೆಳ್ಳಿ ತಂದರು. ಶಿವಮೊಗ್ಗದ ಶೇಖರ್ ನಾಯ್ಕ್ ಅಂಧರ ಕ್ರಿಕೆಟ್ ತಂಡದ ನಾಯಕರಾಗಿ ಅದೇ ವರ್ಷ ಬೆಂಗಳೂರಿನಲ್ಲಿ ಟಿ20 ವಿಶ್ವಕಪ್ ಗೆದ್ದರು, 2017ರಲ್ಲಿ ಪದ್ಮಶ್ರೀ ಬಂತು. ಗೆದ್ದ ಮೇಲೆ ನಾವು ಅವರನ್ನು ವೇದಿಕೆಗೆ ಕರೆಯುತ್ತೇವೆ. ಹೋಬಳಿ ಮಟ್ಟದ ಕ್ರೀಡಾಕೂಟದ ಪಟ್ಟಿಯಲ್ಲಿ ಅವರಂಥ ಮಗು ಇದ್ದರೆ ಯಾವ ಸ್ಪರ್ಧೆಗೆ ಬರೆಯಬೇಕು ಅಂತ ನಮ್ಮ ಪಿ.ಟಿ. ಮೇಷ್ಟ್ರಿಗೆ ಇವತ್ತಿಗೂ ಗೊತ್ತಾಗೋದಿಲ್ಲ. ಪಿ.ಟಿ. ಮೇಷ್ಟ್ರು ಇದ್ದರೆ ತಾನೆ. ಎಷ್ಟೋ ಹೈಸ್ಕೂಲುಗಳಲ್ಲಿ ಆ ಹುದ್ದೆ, ನನ್ನ ಹುದ್ದೆ ಎರಡೂ ಖಾಲಿ. ನಾನು ಬಿಟ್ಟು ಬಂದ ಕುರ್ಚಿ ಈಗಲೂ ಸ್ಟಾಫ್ ರೂಮಿನ ಮೂಲೆಯಲ್ಲಿದೆ. ಅದರ ಮೇಲೆ ಮೊಟ್ಟೆಯ ಟ್ರೇ ಇಡುತ್ತಾರಂತೆ.

ಹೊರಗೆ ಬೀಳೋದಕ್ಕೆ ನ್ಯೂನತೆಯೇ ಇರಬೇಕಾಗಿಲ್ಲ, ಇದನ್ನೂ ಹೇಳಬೇಕು. ಜಾನಪದ ನೃತ್ಯಕ್ಕೆ ಡ್ರೆಸ್ ಬಾಡಿಗೆ ತರಬೇಕು. ಮಕ್ಕಳಿಂದಲೇ ದುಡ್ಡು ಎತ್ತುತ್ತೇವೆ. ಕೊಡಲಾಗದ ಹುಡುಗಿ ‘ನಂಗೆ ಡ್ಯಾನ್ಸ್ ಇಷ್ಟ ಇಲ್ಲ’ ಅಂತಾಳೆ. ನಾವು ನಂಬುತ್ತೇವೆ, ನಂಬೋದು ಸುಲಭ. ಸ್ಪರ್ಧೆ ಮುಗಿಯೋದು ಸಂಜೆ ಏಳಕ್ಕೆ. ಕೊನೇ ಬಸ್ಸು ಆರಕ್ಕೆ. ತೋಟದ ಮನೆಯ ಹುಡುಗಿಯನ್ನು ಅಪ್ಪ ಅಮ್ಮ ಕಳಿಸೋದಿಲ್ಲ. ಮೊದಲೆಲ್ಲ ಎಂಟನೇ ಕ್ಲಾಸಿಗೆ ಸೈಕಲ್ ಕೊಡುತ್ತಿದ್ದಿರಿ, 2006-07ರಲ್ಲಿ ಶುರುವಾಗಿದ್ದು. ಕೋವಿಡ್ ಆದ ಮೇಲೆ ಅದೂ ನಿಂತಿತು. ಸೈಕಲ್ ಇದ್ದಾಗ ಸಂಜೆಯ ರಿಹರ್ಸಲ್‌ಗೆ ಆರು ಹುಡುಗಿಯರು ಉಳಿಯುತ್ತಿದ್ದರು. ಬಸ್ಸನ್ನೇ ನಂಬಿಕೊಂಡ ಮೇಲೆ ಇಬ್ಬರು. ಇದು ನಾನು ಕಣ್ಣಾರೆ ಕಂಡ ಲೆಕ್ಕ, ಒಂದೇ ಶಾಲೆಯದು.

ಬಡ ಮಕ್ಕಳಿಗೆ ಕೇಂದ್ರ ಕೊಡೋ ಎನ್‌ಎಂಎಂಎಸ್ ವಿದ್ಯಾರ್ಥಿವೇತನದ ವಿಷಯ ಮಾತ್ರ ಸಮಾಧಾನ. ಎಂಟನೇ ಕ್ಲಾಸಿನಲ್ಲಿ ಪರೀಕ್ಷೆ, ಪಾಸಾಗಿ ಆಯ್ಕೆಯಾದರೆ ವರ್ಷಕ್ಕೆ 12,000 ರೂಪಾಯಿಯಂತೆ ನಾಲ್ಕು ವರ್ಷ. ಇತ್ತೀಚೆಗೆ ಎಷ್ಟೋ ಮೇಷ್ಟ್ರುಗಳು ಇದಕ್ಕೆ ಜಿದ್ದಿಗೆ ಬಿದ್ದು ತಯಾರಿ ಮಾಡಿಸುತ್ತಿದ್ದಾರೆ. ಅದಕ್ಕೂ ಈಗ ಫ್ಲೆಕ್ಸ್ ಬಂದಿದೆ. ಬರಲಿ.

ಈಗ ನನ್ನ ಕೋರಿಕೆ. ದುಡ್ಡು ಕೇಳುತ್ತಿಲ್ಲ ಅಂತ ಸುಳ್ಳು ಹೇಳೋದಿಲ್ಲ. ವಿಶೇಷ ಶಿಕ್ಷಕರ ಹುದ್ದೆಗೆ, ಡ್ರಾಯಿಂಗ್ ಮತ್ತು ಪಿ.ಟಿ. ಹುದ್ದೆಗೆ ದುಡ್ಡು ಬೇಕು, ಅದನ್ನು ನೀವು ಬಜೆಟ್ಟಿನಲ್ಲಿ ಜಗಳ ಮಾಡಿಯೇ ತರಬೇಕು. ಆದರೆ ದುಡ್ಡಿಲ್ಲದೆ ಆಗೋದು ಒಂದಿದೆ. ಆ ಪ್ರಗತಿ ಪರಿಶೀಲನಾ ಸಭೆಯ ಗೋಡೆಯ ಮೇಲೆ ಇನ್ನೆರಡು ಕಾಲಂ ಸೇರಿಸಿ. ಎಂಟನೇ ಕ್ಲಾಸಿಗೆ ಸೇರಿದವರು ಎಷ್ಟು, ಅವರಲ್ಲಿ ಹತ್ತರ ಪರೀಕ್ಷೆಗೆ ಕೂತವರು ಎಷ್ಟು. ನೂರಕ್ಕೆ ನೂರು ಬಂದ ಶಾಲೆಯಲ್ಲಿ ಐದು ಮಕ್ಕಳು ದಾರಿಯಲ್ಲೇ ಕಳೆದುಹೋಗಿದ್ದರೆ ಆ ಸಾಲಿಗೂ ಕೆಂಪು ಬಣ್ಣ ಹಾಕಿ. ಹುಡುಕಿ ಹುಡುಕಿ ಕಷ್ಟದ ಮಕ್ಕಳನ್ನು ಉಳಿಸಿಕೊಂಡು ಶೇ. 85 ತಂದ ಹೆಡ್‌ಮಾಸ್ಟರನ್ನು ಎಬ್ಬಿಸಿ ನಿಲ್ಲಿಸಿ, ಆದರೆ ಚಪ್ಪಾಳೆ ತಟ್ಟೋಕೆ. ಸಹಾಯಕರ ನೆರವಿನಿಂದ ಬರೆದ ಮಗು, ಪರ್ಯಾಯ ವಿಷಯ ತೆಗೆದುಕೊಂಡ ಮಗು ಎಷ್ಟು ಅಂತಲೂ ಕೇಳಿ. ಸೊನ್ನೆ ಅಂದರೆ, ಆ ಶಾಲೆಯಲ್ಲಿ ಅಂಥ ಮಕ್ಕಳೇ ಇಲ್ಲವೋ, ಯಾರೂ ನೋಡಿಲ್ಲವೋ ಅಂತ ಮುಂದಿನ ಪ್ರಶ್ನೆ ಕೇಳಿ. ನೀವು ಅಲ್ಲಿ ಏನು ಕೇಳುತ್ತೀರೋ ಅದೇ ನಮ್ಮ ಸ್ಟಾಫ್ ರೂಮಿನಲ್ಲಿ ಮುಖ್ಯ ಆಗುತ್ತದೆ. ಇದು 29 ವರ್ಷದ ಅನುಭವ.

ಮತ್ತೆ ಆ ಎರಡು ಪೀರಿಯಡ್. ಹತ್ತನೇ ಕ್ಲಾಸಿಗೂ ಜನವರಿ ಕೊನೆಯವರೆಗೆ ಅದನ್ನು ಯಾರೂ ಮುಟ್ಟಬಾರದು ಅಂತ ಒಂದು ಗೆರೆ ಎಳೆಯಿರಿ. ಗಣಿತದ ಮೇಷ್ಟ್ರುಗಳಿಗೆ ಕೋಪ ಬರಬಹುದು. ನನ್ನ ಗೆಳೆಯ, ಆ ಗಣಿತದ ಮೇಷ್ಟ್ರು, ಈಗ ನನ್ನ ಪರವಾಗಿದ್ದಾರೆ. ಬೇಕಿದ್ದರೆ ಅವರಿಂದಲೂ ಒಂದು ಪತ್ರ ಬರೆಸುತ್ತೇನೆ.

ಈ ಸಲ ನಮ್ಮ ತಾಲ್ಲೂಕಿನ ಪ್ರತಿಭಾ ಕಾರಂಜಿಗೆ ಕ್ಲೇ ಮಾಡೆಲಿಂಗ್ ತೀರ್ಪುಗಾರನಾಗಿ ಬನ್ನಿ ಅಂತ ನನ್ನನ್ನು ಕರೆದಿದ್ದಾರೆ. ಒಪ್ಪಿಕೊಂಡಿದ್ದೇನೆ. ಆ ಒಂದು ರೂಮಿನ ಬೋರ್ಡಿನ ಮೇಲೆ ವಿಷಯವನ್ನು ನಾನೇ ಬರೆಯುತ್ತೇನೆ, ದೊಡ್ಡ ಅಕ್ಷರದಲ್ಲಿ. ಉಳಿದ ರೂಮುಗಳಿಗೆ ತಮ್ಮ ಸುತ್ತೋಲೆ ಬೇಕು.

ಇಂತಿ ತಮ್ಮ ವಿಶ್ವಾಸಿ,
ಒಬ್ಬ ನಿವೃತ್ತ ಡ್ರಾಯಿಂಗ್ ಮೇಷ್ಟ್ರು
ಹಾಸನ ಜಿಲ್ಲೆ